ಅವ್ವ ಕುಡಿದ ಒಂದೆಲಗದ ರಸ

"ಅನ್ನಪೂರ್ಣಮ್ಮ ಹೋಗಿಬಿಟ್ರು ಕಣವ್ವಾ... ಬೆಳಗ್ಗೆ ಎಬ್ಬಿಸಾಕೆ ಹೋದ್ರೆ ಉಸಿರೇ ಇಲ್ಲ!"

ನಲ್ಲೂರಿನಿಂದ ನೆರೆಮನೆಯ ಸುಂಕಲಮ್ಮ ಫೋನಿನಲ್ಲಿ ಅಳುತ್ತಿದ್ದಳು. ದಾವಣಗೆರೆಯ ಪ್ರಯೋಗಾಲಯದಲ್ಲಿ ನಿಂತಿದ್ದ ರೂಪಶ್ರೀ ಕೈಗವಸು ಕಳಚಿ ಬಸ್ಸಿಗೆ ಓಡಿದಳು.

ಇನ್ನು ಮೂರು ತಿಂಗಳಿಗೆ ಅತ್ತೆಯಾಗಬೇಕಿದ್ದವರು! ನಿಶ್ಚಿತಾರ್ಥದ ದಿನ ಕಂಪವಾತದಿಂದ ಕೈ ನಡುಗುತ್ತಿದ್ದರೂ ಬೇರೆ ಯಾರಿಗೂ ಬಿಡದೆ ತಾವೇ ಅವಳ ತಲೆಗೆ ಹೂ ಮುಡಿಸಿದ್ದರು...

ಅವರ ಮಗ ಗುರುಬಸವರಾಜ್ ತಿಂಗಳಿಂದ ಅವಳೊಡನೆ ಮಾತು ಬಿಟ್ಟಿದ್ದ.

ಕಾರಣ ಪತ್ರಿಕೆಯ ಒಂದು ಸುದ್ದಿ. ಸೂಳೆಕೆರೆಯ ದಂಡೆಯಿಂದ ತಂದ ಒಂದೆಲಗದ ಸಾರವನ್ನು ರೂಪಶ್ರೀ ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಗಳಿಗೆ ಹಾಕಿ, ಆಮೇಲೆ ವಿಷ ಹಾಕಿ ನೋಡಿದ್ದಳು. ಸಾರ ಸಿಕ್ಕ ಕೋಶಗಳು ಹೆಚ್ಚು ಬದುಕಿದವು. ಅಷ್ಟೇ. ಪತ್ರಿಕೆಯವರು 'ಒಂದೆಲಗದಿಂದ ಕಂಪವಾತ ಮಾಯ!' ಎಂದು ಅವಳ ಫೋಟೋ ಸಮೇತ ಹಾಕಿಬಿಟ್ಟರು.

"ಅವ್ವನಿಗೂ ಆ ಔಷಧಿ ಕೊಡು" ಎಂದು ಗುರು ಕೇಳಿದ್ದ.

"ಅದಿನ್ನೂ ಔಷಧಿ ಅಲ್ಲ ಗುರು. ಕೊಡಾಕೆ ಬರಲ್ಲ."

"ಊರಿಗೆಲ್ಲ ಸಾರಿದ್ದೀಯಾ, ನಮ್ಮವ್ವನಿಗೆ ಮಾತ್ರ ಇಲ್ವಾ?"

ಅಂದು ಫೋನ್ ಇಟ್ಟವನು ಮತ್ತೆ ಎತ್ತಲಿಲ್ಲ.

ಅವಳು ನಲ್ಲೂರು ಸೇರುವಷ್ಟರಲ್ಲಿ ಅನ್ನಪೂರ್ಣಮ್ಮನವರನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಭಜನೆ ನಡೆದಿತ್ತು. ಗುರು ಬಾಗಿಲಿಗೆ ಅಡ್ಡ ನಿಂತ.

"ಈಗ ಯಾಕೆ ಬಂದ್ರಿ?"

ಎಂದೂ ಅವಳಿಗೆ 'ರೀ' ಅನ್ನದವನು! ಅವಳ ಕಣ್ಣು ತುಂಬಿತು.

"ಜಗಳ ಆಮೇಲೆ ಆಡುವಂತೆ, ದಾರಿ ಬಿಡಪ್ಪಾ!" ಸುಂಕಲಮ್ಮ ಅವನನ್ನು ಸರಿಸಿದಳು. "ನೀನು ಹಿತ್ತಲಿಗೆ ಹೋಗಿ ಕಾಲು ತೊಳ್ಕಂಡು ಬಾರವ್ವಾ."

ಹಿತ್ತಲ ಒರಳಿನಲ್ಲಿ ಅರೆದ ಒಂದೆಲಗದ ಚರಟವಿತ್ತು. ಪಕ್ಕದ ಗೂಡಿನಲ್ಲಿ ಡಾಕ್ಟರು ಬರೆದುಕೊಟ್ಟ ಮಾತ್ರೆಗಳು... ಒಂದನ್ನೂ ಬಿಚ್ಚಿರಲಿಲ್ಲ!

ತಿರುಗಿದಳು. ಗುರು ಹಿಂದೆಯೇ ಓಡಿಬಂದಿದ್ದ.

"ಮಾತ್ರೆ ನಿಲ್ಲಿಸಿದ್ದೆಯಾ?"

"ಇಪ್ಪತ್ತು ದಿನ ಆತು. ಬರೀ ಈ ರಸ ಕುಡಿಸ್ದೆ. 'ನಾನೇನು ಎಮ್ಮೆಯೇನೋ, ದಿನಾ ಸೊಪ್ಪು ಹಾಕ್ತೀಯಾ?' ಅಂತ ಬೈದ್ಲು. ನಿನ್ನ ಸೊಸೆನೇ ಕಳಿಸ್ಯಾಳೆ ಅಂತ ಸುಳ್ಳು ಹೇಳ್ದೆ... ಒಂದು ತೊಟ್ಟೂ ಬಿಡದಂಗೆ ಕುಡಿದ್ಲು."

ಅವನು ಒರಳಿನ ಪಕ್ಕ ಕುಸಿದ.

"ರೂಪಾ... ಅವ್ವನ್ನ ನಾನೇ ಕೊಂದ್ನಾ?"

ಇಲ್ಲ ಅನ್ನು! ಅವಳ ಮನಸ್ಸು ಚೀರಿತು. ಒಂದೇ ಮಾತು, ಇವನು ಬದುಕಿಕೊಳ್ಳುತ್ತಾನೆ...

ಆದರೆ ಆ ಮಾತ್ರೆ ಹಠಾತ್ತನೆ ಬಿಟ್ಟರೆ ಅಪಾಯವೆಂದು ಅವಳಿಗೆ ಗೊತ್ತಿತ್ತು. ಅನ್ನಪೂರ್ಣಮ್ಮನವರ ಹೃದಯ ಮೊದಲೇ ದುರ್ಬಲವೆಂದೂ ಗೊತ್ತಿತ್ತು. ಯಾವುದು ಕರೆದೊಯ್ದಿತೋ, ಕರೆಸಿಕೊಂಡವನೇ ಬಲ್ಲ.

"ಗೊತ್ತಿಲ್ಲ ಗುರು... ಅಲ್ಲ ಅಂತ ಹೇಳಾಕೆ ನನಗೆ ಬಾಯಿ ಬರ್ತಿಲ್ಲ. ಆದ್ರೆ ನನ್ನ ತಪ್ಪೂ ಐತೆ. ಆ ಸುದ್ದಿ ಸರಿಯಿಲ್ಲ ಅಂತ ಅವತ್ತೇ ಪತ್ರಿಕೆಗೆ ಬರೀಬೇಕಿತ್ತು. ಫೋಟೋ ಬಂತಲ್ಲ ಅಂತ ಖುಷಿಪಟ್ಟು ಸುಮ್ನಿದ್ದೆ."

ಅವನು ತಲೆಯೆತ್ತಿದ.

"ಬೆಳಗ್ಗಿಂದ ಎಲ್ರೂ ನನ್ನಂಥ ಮಗ ಇಲ್ಲ ಅಂತ ಹೊಗಳ್ತಾ ಅವ್ರೆ. ನೀನೊಬ್ಬಳೇ ನಿಜ ಹೇಳಿದ್ದು... ಇದನ್ನ ಹೊತ್ಕಂಡು ಒಬ್ನೇ ಇರಾಕೆ ನನ್ನ ಕೈಲಾಗಲ್ಲ. ಹೋಗಬೇಡ ರೂಪಾ."

"ಹೋಗಲ್ಲ."

"ನನ್ನ ಮೇಲೆ ಸಿಟ್ಟಿಲ್ವಾ?"

"ಐತೆ. ಪ್ರೀತಿನೂ ಐತೆ. ಎರಡನ್ನೂ ಇಟ್ಕಂಡೇ ಜೊತೆಗಿರ್ತೀನಿ."

ಇಬ್ಬರೂ ಒಳಗೆ ಬಂದು ಆ ತಾಯಿಯ ಪಾದಕ್ಕೆ ಹಣೆ ಹಚ್ಚಿದರು. ಕ್ಷಮೆ ಕೇಳುವ ಹೊತ್ತು ಮೀರಿತ್ತು. ಆದರೂ ಕೇಳಿದರು, ಬೇರೇನೂ ಮಾಡಲು ಉಳಿದಿರಲಿಲ್ಲ.

ಶಿವನೇ, ಅನ್ನಪೂರ್ಣಮ್ಮನನ್ನು ನಿನ್ನ ಪಾದದಲ್ಲಿ ಸೇರಿಸಿಕೋ. ಆ ಆತ್ಮಕ್ಕೆ ಶಾಂತಿಯನ್ನು ಕೊಡು ತಂದೆ.