ಅವಳ ಪಾಲಿನ ಚಹಾ

ನನ್ನ ನೆನಪಿಗೆ ಗೆದ್ದಲು ಹಿಡಿದಿದೆ ಎಂದು ಗ್ರೂಪಿನಲ್ಲಿ ಹಲ್ಲು ಕಿಸಿಯುವವರೆಲ್ಲ ಬಾಯಿ ಮುಚ್ಚಿಕೊಂಡು ಈ ವಾಯ್ಸ್ ನೋಟ್ ಪೂರ್ತಿ ಕೇಳಿ. ಬೆಳಗಿನ ತಿಂಡಿ ಮರೆತೇನು, ಕುರುಬರಹಳ್ಳಿಯ ಸುಘೋಷನ ಕಥೆ ಮರೆಯುವವನಲ್ಲ.

ಡಯಾಲಿಸಿಸ್‌ನವರು ಪರ ಊರಿಗೆ ಹೊರಟರೆ ಅಲ್ಲಿ ಮೊದಲೇ ಮೆಷಿನ್ ಗೊತ್ತು ಮಾಡಿ, ರಿಪೋರ್ಟ್ ಕಳಿಸಿ, ಜೊತೆಗೆ ಹೋಗಿ ಬರುವುದು ಅವನ ಟ್ರಾವೆಲ್ಸ್ ಕೆಲಸ. ಒಂದು ದಿನ ಮಲ್ಲತ್ತಹಳ್ಳಿಯಲ್ಲಿ ಬ್ಲೌಸ್ ಹೊಲಿಯುವ ಗುರುದೇವಿ ಫೋನ್ ಮಾಡಿದಳು.

“ವಿಜಯಪುರಕ್ಕ ಹೋಗಬೇಕ್ರಿ. ಅವ್ವ ಹಾಸಿಗಿ ಹಿಡದಾಳ. ಭಾಳ ದಿನ ಇಲ್ಲಂತ.”

ಊರೆಲ್ಲ ಫೋನ್ ಮಾಡಿ ಸುಘೋಷ್ ಅಲ್ಲಿ ಗುರುವಾರ ಬೆಳಿಗ್ಗೆಗೆ ಒಂದು ಮೆಷಿನ್ ಹಿಡಿದ.

“ಅದೊಂದು ಮಿಸ್ ಮಾಡ್ಬೇಡಿ ಮೇಡಂ. ಮೈಯಲ್ಲಿ ನೀರು ತುಂಬ್ಕೊಂಡ್ರೆ ಉಸಿರು ಸಿಗಲ್ಲ.”

“ಮೇಡಂ ಅನಬ್ಯಾಡ್ರಿ. ಹುಕ್ಕು ಹಚ್ಚಾಕಿ ನಾ.”

ಡಯಾಲಿಸಿಸ್‌ನವರು ನೀರು ಅಳೆದು ಕುಡಿಯಬೇಕು; ಟ್ರೈನಿನಲ್ಲಿ ಅವಳು ಬರೀ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ಅವಳ ಎದುರು ಕುಡಿಯಲು ಮನಸ್ಸಾಗದೆ ಅವನು ಬಾಗಿಲ ಬಳಿ ಹೋಗಿ ಕದ್ದು ನೀರು ಕುಡಿದು ಬಂದ. ಅವಳು ಅರೆಗಣ್ಣು ತೆರೆದು ಅವನ ಮುಖ ನೋಡಿದಳು.

“ಮೀಸಿ ಒರಸ್ಕೋರಿ.”

ಮನೆ ಮುಟ್ಟಿದ್ದೇ ತಡ, ಅಕ್ಕಪಕ್ಕದವರೆಲ್ಲ ಚಹಾ ಹಿಡಿದು ಬಂದರು. ಬೇಡ ಎಂದರೆ ತಂದವರಿಗೆ ಅವಮಾನ; ಕುಡಿದರೆ ಇವಳಿಗೆ ಆಪತ್ತು. ಗುರುದೇವಿ ಪ್ರತಿ ಕಪ್ಪಿಗೂ ತುಟಿ ತಾಗಿಸಿ ಅವನತ್ತ ಸರಿಸಿದಳು. ಅವನೋ ಹುಟ್ಟಾ ಕಾಫಿ ಗಿರಾಕಿ, ಆದರೂ ಎಲ್ಲ ಕುಡಿದ.

ಹಾಸಿಗೆಯಿಂದ ಅವಳ ತಾಯಿ ಹೊನ್ನವ್ವ ನೋಡುತ್ತಲೇ ಇದ್ದಳು.

“ನಿನ್ನ ಎಂಜಲ ಕುಡಿಯಾಂವ ಸಿಕ್ಕಾನಲ್ಲ ಮಗಳ. ಇನ್ನ ನಾ ಹ್ವಾದರೂ ನಡೀತದ.”

ಗುರುದೇವಿ ಇನ್ನೊಂದು ಕಪ್ಪು ಅವನತ್ತ ಸರಿಸಿದಳು, ಅವನು ಅದನ್ನೂ ಕುಡಿದ.

ಗುರುವಾರ ಬೆಳಕು ಹರಿಯುವಾಗ ಮುದುಕಿ ಹೋದಳು. ಮಣ್ಣು ಮಾಡುವ ಹೊತ್ತಿಗೇ ಮೆಷಿನ್. ಸುಘೋಷ್ ಸೆಂಟರಿನವರ ಕಾಲು ಹಿಡಿಯುವುದೊಂದು ಬಾಕಿ. ಬೇರೆ ಹೊತ್ತು ಸಿಗಲಿಲ್ಲ. ಗುರುದೇವಿಯ ಪಾದ ಊದಿತ್ತು. ಎರಡು ಮಾತಿಗೊಮ್ಮೆ ಏದುಸಿರು.

“ನಾ ಬರಂಗಿಲ್ಲ. ಹಡದಾಕಿಗೆ ಒಂದು ಹಿಡಿ ಮಣ್ಣ ಹಾಕದ...”

“ನಿಮ್ಮ ಪಾಲಿಂದು ನಾನು ಹಾಕ್ತೀನಿ. ನಿಮ್ಮ ಚಹಾ ನಾನು ಕುಡ್ದಿಲ್ವಾ?”

ಅವಳು ತಾಯಿಯ ಕಾಲಿಗೆ ಹಣೆ ಹಚ್ಚಿ, ಆಟೊ ಹತ್ತಿದಳು. ತಿರುಗಿ ನೋಡಲಿಲ್ಲ.

ಮಕ್ಕಳು ಮಣ್ಣು ಕೊಡುವ ಸರದಿ ಬಂದಾಗ ಸುಘೋಷ್ ಮುಂದೆ ಬಂದ. ಓಣಿಯ ಹಿರಿಯ ಚನ್ನಮಲ್ಲಪ್ಪ ತಡೆದ.

“ನೀ ಯಾರಪಾ?”

ಟ್ರಾವೆಲ್ಸ್‌ನವನು ಎನ್ನಬೇಕೆಂದಿದ್ದ.

“ಅಳಿಯ” ಎಂದ.

ಸೆಂಟರಿಗೆ ಬಂದು ಎರಡು ಸಲ ಸೋಪು ಹಾಕಿದರೂ ಉಗುರಿನ ಸಂದಿಯ ಎರೆಮಣ್ಣು ಹೋಗಲಿಲ್ಲ. ಒಂದು ತೋಳಿಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದವಳು ಅದನ್ನೇ ನೋಡಿದಳು.

“ಏನಂತ ಹೇಳಿ ಹಾಕಿದ್ರಿ?”

“ಸುಳ್ಳು ಹೇಳ್ದೆ. ಅಳಿಯ ಅಂತ.”

ಅವಳು ಇನ್ನೊಂದು ಕೈಯಿಂದ ಅವನ ಬೆರಳು ಹಿಡಿದು ಅತ್ತಳು.

“ನಾ ಎಷ್ಟು ದಿನ ಇರತೀನೋ ಯಾರಿಗೆ ಗೊತ್ತು?”

“ಇರೋಷ್ಟು ದಿನ ನಿನ್ನ ಚಹಾ ನಾನು ಕುಡೀತೀನಿ.”

“ನಿಮಗ ಚಹಾ ಸೇರಂಗಿಲ್ಲಲ್ಲ?”

“ಸೇರಲ್ಲ ಕಣೇ.”

ಅವಳ ಕಿಡ್ನಿ ಸರಿಹೋಯಿತು ಎಂದು ಬೊಗಳೆ ಬಿಡುವುದಿಲ್ಲ. ಅದು ಆಗುವ ಮಾತಲ್ಲ. ನಿಮ್ಮವರ ಪೈಕಿ ಯಾರಾದರೂ ಡಯಾಲಿಸಿಸ್ ಮಾಡಿಸಿಕೊಂಡು, ಊರಿಗೆ ಹೋಗಲು ಹೆದರಿ ಕೂತಿದ್ದರೆ ಇದನ್ನು ಅವರಿಗೆ ಕಳಿಸಿ. ಮೊದಲು ಅಲ್ಲಿ ಮೆಷಿನ್ ಗೊತ್ತು ಮಾಡಲಿ, ಆಮೇಲೆ ಹೊರಡಲಿ. ಹೆತ್ತವರು ಕಾಯುತ್ತಿರುತ್ತಾರೆ.