ಹೊಟ್ಟೆ ತುಂಬಿಸುವ ಒಲೆ

"ಈ ಒಲೇಲಿ ಬೆಂದಿದ್ದನ್ನ ಮನೆಗೆ ಒಯ್ಯಬೇಡಪ್ಪ. ಮಕ್ಕಳ ಬಾಯಿಗಂತೂ ಇಡ್ಲೇಬೇಡ."

ಪಾತ್ರೆ ತೊಳೆಯುವ ಮುದುಕಿ ಹೀಗೆ ಹೇಳಿದಾಗ ಹೊಸ ಬಾಣಸಿಗ ಸೌಟು ಹಿಡಿದೇ ನಕ್ಕ.

"ಯಾಕಜ್ಜಿ, ಒಳಗೆ ದೆವ್ವ ಕೂತಿದ್ಯಾ? ಈರುಳ್ಳಿ ಹೆಚ್ಚೋಕೆ ಕಳಿಸು. ಇಲ್ಲಿ ಕೈ ಸಾಲ್ತಿಲ್ಲ."

ಮುದುಕಿ ನಗಲಿಲ್ಲ. "ಈ ಹೋಟೆಲಿನ ಒಡತಿ ಮಾಟ ಮಾಡಿಸಿ ಕಟ್ಟಿಸಿದ ಒಲೆ ಇದು. ಮೊದಲು ಇಲ್ಲಿ ಬೇಯಿಸಿದ್ದು ನನ್ನ ಗಂಡ. ನನ್ನ ಮಗ ತಿಂದೂ ತಿಂದೂ ಹಸಿದೇ ಸತ್ತ."

ಮಗನನ್ನು ಕಳೆದುಕೊಂಡವಳ ತಲೆ ಕೆಟ್ಟಿರಬೇಕು ಎಂದುಕೊಂಡು ಅವನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋಟೆಲು ಕೆರೆಯ ಅಂಚಿನಲ್ಲಿತ್ತು. ನೀರಿನ ಮೇಲಕ್ಕೆ ಚಾಚಿದ ಹಲಗೆಯ ಜಗುಲಿ, ಅದರ ತುಂಬ ನಲವತ್ತು ಮೇಜು. ಪಾಚಿಯ ವಾಸನೆ, ಸುಟ್ಟ ಮೀನಿನ ಹೊಗೆ, ಹಲಗೆಯ ಕೆಳಗೆ ನೀರಿನ ಲೊಚಲೊಚ. ಮಧ್ಯಾಹ್ನವಾದರೆ ಜಾಗಕ್ಕಾಗಿ ಜನ ಮೆಟ್ಟಿಲಲ್ಲಿ ಕಾಯುತ್ತಿದ್ದರು. ಮೀನು ಸಣ್ಣದು, ಅಕ್ಕಿ ದಪ್ಪದ್ದು, ಎಣ್ಣೆ ಅಗ್ಗದ್ದು. ಆದರೂ ನಾಲ್ಕು ತುತ್ತಿಗೆ ಗಿರಾಕಿಗಳು ಕುರ್ಚಿಗೆ ಒರಗಿ, ಕೆರೆಯ ಕಡೆ ಅರೆಗಣ್ಣು ಮಾಡಿ, ಇಷ್ಟು ಹೊಟ್ಟೆ ತುಂಬ ಎಲ್ಲೂ ಉಂಡಿಲ್ಲ ಎನ್ನುತ್ತಿದ್ದರು. ಅದು ತನ್ನ ಕೈಗುಣ ಎಂದು ಬಾಣಸಿಗ ಬೀಗಿದ. ಯಾರು ತಾನೇ ಬೀಗುವುದಿಲ್ಲ?

ಅವನಿಗಿದ್ದವಳು ಒಬ್ಬಳೇ ಮಗಳು. ಎಂಟು ವರ್ಷದವಳು, ತಾಯಿಯಿಲ್ಲದವಳು. ಊರಿಗೆಲ್ಲ ಬೇಯಿಸಿ ಬಂದವನಿಗೆ ಮನೆಯಲ್ಲಿ ಒಲೆ ಹಚ್ಚುವ ತ್ರಾಣ ಎಲ್ಲಿಂದ ಬರಬೇಕು? ದಿನಾ ಡಬ್ಬಿಯಲ್ಲಿ ಹೋಟೆಲಿನ ಊಟವನ್ನೇ ತರುತ್ತಿದ್ದ.

"ಇನ್ನೂ ಇದ್ಯಾ ಅಪ್ಪ?" ಎಂದು ಅವಳು ಕೇಳಿದಾಗ ಮೊದಮೊದಲು ಹಿಗ್ಗಿದ. ಆಮೇಲೆ ಅವಳು ಡಬ್ಬಿ ನೆಕ್ಕಿದಳು. ನೆರೆಮನೆಯ ಬಾಗಿಲಲ್ಲಿ ಹೋಗಿ ನಿಂತಳು. ಒಂದು ದಿನ ಹಸಿ ಹಿಟ್ಟನ್ನು ಮುಕ್ಕುತ್ತಿದ್ದಳು. ತಿಂದಷ್ಟೂ ಸೊರಗಿದಳು. ಕಾಯಿಲೆ ಏನೂ ಇಲ್ಲ, ಚೆನ್ನಾಗಿ ತಿನ್ನಿಸಿ ಎಂದರು ಡಾಕ್ಟರು. ಅಷ್ಟೊತ್ತಿಗೆ ಅವಳ ಬಳೆ ಮೊಣಕೈ ದಾಟಿ ಮೇಲೇರುತ್ತಿತ್ತು.

ಚೆನ್ನಾಗಿ ತಿನ್ನಿಸೋಣವೆಂದೇ ಒಂದು ಮಧ್ಯಾಹ್ನ ಅವಳನ್ನು ಹೋಟೆಲಿಗೆ ಕರೆತಂದು ಜಗುಲಿಯ ಮೂಲೆಯಲ್ಲಿ ಕೂರಿಸಿದ. ತಟ್ಟೆ ತುಂಬ ಬಡಿಸಿ ಎದುರಿಗೆ ನಿಂತ.

ಮಗಳು ಒಂದು ತುತ್ತು ನುಂಗಿದಳು. ಪಕ್ಕದ ಮೇಜಿನ ದಪ್ಪ ಮನುಷ್ಯ ತೇಗಿದ.

ಇನ್ನೊಂದು ತುತ್ತು. ಆಚೆ ಮೇಜಿನ ಹೆಂಗಸು ಹೊಟ್ಟೆ ಸವರಿಕೊಂಡಳು. ಅವಳ ತಟ್ಟೆಯಲ್ಲಿ ಮೀನು ಮುರಿದೇ ಇರಲಿಲ್ಲ.

ಮತ್ತೊಂದು. ಮತ್ತೆ ತೇಗು. ಮಗಳ ಕೈ ಜೋರಾಯಿತು. ತುರುಕಿಕೊಂಡಳು. ನುಂಗಿದಳು. ಎರಡು ತೇಗು. ನಾಲ್ಕು. ಜಗುಲಿಯ ತುಂಬ ತೇಗು. ಬಿಸಿಲಲ್ಲಿ ನಲವತ್ತು ಮೇಜಿನ ಮುಖಗಳೂ ಎಣ್ಣೆ ಹಚ್ಚಿದ ಹಾಗೆ ಮಿನುಗಿದವು. ನಡುವೆ ಅವನ ಮಗಳು ಅಳುತ್ತಾ ತಿನ್ನುತ್ತಿದ್ದಳು.

ಬಾಣಸಿಗ ಒಳಗೆ ಓಡಿದ. ಹಾರೆ ಎತ್ತಿದ. ಉರಿಯುವ ಒಲೆಯ ಬುಡಕ್ಕೆ ಹಾಕಿದ. ಇಟ್ಟಿಗೆ ಸಡಿಲಿತು. ಕೆಂಡ ಕಾಲ ಮೇಲೆ ಬಿತ್ತು. ಅಗೆದ. ಹುಳಿತ ಅನ್ನದ, ಸುಟ್ಟ ಕೂದಲಿನ ವಾಸನೆ ಬಂತು. ಬೂದಿಯೊಳಗೆ ಕರಿದಾರದಿಂದ ಬಾಯಿ ಕಟ್ಟಿದ ಒಂದು ಕುಡಿಕೆ ಇತ್ತು. ಬೆಂಕಿಯ ಕೆಳಗಿದ್ದರೂ ಅದು ತಣ್ಣಗಿತ್ತು.

ಮುದುಕಿ ಅವನ ತೋಳು ಹಿಡಿದಳು. "ಒಡೀಬೇಡ ಕಣಪ್ಪ. ಕಟ್ಟಿಸಿದೋಳ ಕೈಯಿಂದಲೇ ಗಂಟು ಬಿಚ್ಚಿಸು. ಒಡೆದ್ರೆ ಇಷ್ಟು ವರ್ಷ ತಿಂದೋರೆಲ್ಲರ ತೃಪ್ತಿ ಒಟ್ಟಿಗೆ ಆ ಮಗೂಗೇ ತಿರುಗಿ ಬರುತ್ತೆ."

"ಬರಲಿ. ನನ್ನ ಮಗಳದ್ದು ಅವಳಿಗೆ ಬಂದ್ರೆ ನಿಂಗೇನಜ್ಜಿ ಕಷ್ಟ?"

ತೋಳು ಕೊಡವಿಕೊಂಡು ಹೊರಗೆ ಓಡಿ ಜಗುಲಿಯ ಕಂಬಕ್ಕೆ ಕುಡಿಕೆಯನ್ನು ಅಪ್ಪಳಿಸಿದ. ಚೂರುಗಳು ನೀರಿಗೆ ಬಿದ್ದವು. ತೇಗು ನಿಂತಿತು. ಅನ್ನ ಗಂಟುಗಂಟು, ಮೀನು ಹಸಿ ಎಂದು ಗಿರಾಕಿಗಳು ತಟ್ಟೆ ತಳ್ಳಿ ಜಗಳಕ್ಕೆ ಎದ್ದರು. ಮೂಲೆಯಲ್ಲಿ ಮಗಳು ಕೈ ಕೆಳಗಿಟ್ಟಳು.

"ಅಪ್ಪ, ಹೊಟ್ಟೆ ತುಂಬ್ತು."

ಅವನು ಅವಳನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತ. ಬದುಕಿನಲ್ಲಿ ಅಷ್ಟು ಸುಖವಾಗಿ ಅವನು ಎಂದೂ ಅತ್ತಿರಲಿಲ್ಲ.

ಮಗಳನ್ನು ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಒಡತಿ ಅಡ್ಡ ಬರಲಿಲ್ಲ, ಬೈಯಲೂ ಇಲ್ಲ. "ಕೇಳಿದ್ರೆ ನಾನೇ ಬಿಚ್ಚಿ ಕೊಡ್ತಿದ್ದೆ. ಇಲ್ಲಿವರೆಗೂ ಒಬ್ರೂ ಬಂದು ಕೇಳಿಲ್ಲ" ಎಂದಳು. ಅದು ನಿಜವೋ ಸುಳ್ಳೋ ದೇವರಿಗೇ ಗೊತ್ತು.

ಮಾರನೆಯ ಬೆಳಿಗ್ಗೆ ಮಗಳು ಏನೂ ಬೇಡವೆಂದಳು. ರಾತ್ರಿಯೂ ಬೇಡ. ಮೂರನೆಯ ದಿನ ಹಾಲನ್ನೂ ಬದಿಗೆ ಸರಿಸಿದಳು. ಬಾಣಸಿಗ ಮುದುಕಿಯನ್ನು ಹುಡುಕಿಕೊಂಡು ಹೋಗಿ ಕಾಲಿಗೆ ಬಿದ್ದ. ಒಡೆದ ಕುಡಿಕೆಯಲ್ಲಿ ಬಿಚ್ಚಲು ಗಂಟೆಲ್ಲಿದೆ ಎಂದು ಅವಳೂ ಅತ್ತಳು. ಆಸ್ಪತ್ರೆಯವರು ಮೂಗಿಗೆ ನಳಿಕೆ ಇಟ್ಟರು. ಹಾಕಿದ್ದೆಲ್ಲ ಹಾಕಿದ ಹಾಗೇ ಹೊರಗೆ ಬಂತು.

ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರೆ. ಈಗ ಅವನು ಊರಿಗೂ ಬೇಡವಾದವನು. ಬೆಳಗಿನಿಂದ ಸಂಜೆಯವರೆಗೆ ಮಗಳೊಬ್ಬಳಿಗಾಗಿ ಬೇಯಿಸುತ್ತಾನೆ. ಮನೆ ಘಮಘಮಿಸುತ್ತದೆ, ಬೀದಿಯಲ್ಲಿ ಹೋಗುವವರ ಬಾಯಲ್ಲಿ ನೀರೂರುತ್ತದೆ. ಇವತ್ತಿಗೆ ಹನ್ನೊಂದು ದಿನ. ದಿಂಬಿಗೆ ಒರಗಿದ ಮಗಳಿಗೆ ನೋವಿಲ್ಲ, ಹಸಿವಿಲ್ಲ. ತುತ್ತು ತುಟಿಗೆ ಮುಟ್ಟಿಸಿದರೆ ಮೆಲ್ಲನೆ ಮುಖ ತಿರುಗಿಸುತ್ತಾಳೆ. ಕಡ್ಡಿಯಂಥ ಕೈ ಎತ್ತಿ ಅಪ್ಪನ ಕೆನ್ನೆ ಸವರುತ್ತಾಳೆ.

"ನೀನು ತಿನ್ನಪ್ಪ. ಎಷ್ಟು ಸಣ್ಣ ಆಗಿದೀಯ ನೋಡು."