ಹದಿನೇಳನೆಯ ಡಬ್ಬಿ

ಐವತ್ತೊಂದನೆಯ ಇಸವಿಯ ವಿಜಯದಶಮಿಯ ಮರುದಿನ. ಸಿರುಗುಪ್ಪದ ಛತ್ರದಲ್ಲಿ ಗವಿಸಿದ್ದಪ್ಪ ಕೋಣೆ ತೆರೆದ. ಪೆಟ್ಟಿಗೆಯ ಬೀಗ ಮುರಿದಿತ್ತು. ಚಿತ್ರ ತೆಗೆದಿದ್ದ ರೀಲುಗಳ ಡಬ್ಬಿ ಎಣಿಸಿದ. ಹದಿನಾರು ಇತ್ತು. ಹದಿನೆಂಟು ಇತ್ತು. ನಡುವಿನದು ಇಲ್ಲ.

ಮದರಾಸಿನ ಚಿತ್ರತಂಡದಲ್ಲಿ ಅವನದು ಒಂದೇ ಕೆಲಸ: ಯಾವ ಡಬ್ಬಿಯಲ್ಲಿ ಯಾವ ದೃಶ್ಯ ಎಂದು ಬರೆದಿಡುವುದು. ಹದಿನೇಳರಲ್ಲಿದ್ದವರು ಕುರುಗೋಡಿನ ಪುರಾಣಿಕ ಹಾಲಸಿದ್ದಪ್ಪನವರು. ಗುಡಿಕಟ್ಟೆಯ ಮೇಲೆ ಕುಳಿತು ಪದ್ಯ ಓದಿದ್ದರು. ದನಿ ಹಿಡಿಯುವ ಯಂತ್ರ ಇರಲಿಲ್ಲ. ಸಿಕ್ಕಿದ್ದು ಮುಖ, ತುಟಿ, ತಾಳ ಹಾಕುವ ಕೈ. ಮೂರನೆಯ ದಿನಕ್ಕೆ ಮುದುಕರು ಲಿಂಗೈಕ್ಯರಾದರು.

*

ಸಬ್ ಇನ್‌ಸ್ಪೆಕ್ಟರ್ ಉಚ್ಚೆಂಗೆಪ್ಪ ಬೀಗ ತಿರುವಿ ನೋಡಿದರು.

"ಇಲ್ಲಿಗೆ ಯಾರ್ಯಾರು ಬರ್ತಾರ?"

"ನಾನು, ಕ್ಯಾಮೆರಾ ಸಹಾಯಕ ದೊಡ್ಡಬಸಪ್ಪ."

"ಹೊರಗಿನವ್ರು?"

ಗವಿಸಿದ್ದಪ್ಪ ತಡವರಿಸಿದ. ಬಾಗಿಲಲ್ಲಿದ್ದ ದೊಡ್ಡಬಸಪ್ಪನೇ ಹೇಳಿದ: "ಮುದುಕರ ಹೇಣ್ತಿ ಬಂದಿದ್ರು ಸಾಹೇಬ್ರ. ಆ ಡಬ್ಬಿ ಕೊಡ್ರಿ ಅಂತ ಅತ್ತು ಹೋದ್ರು."

"ಹಂಗಾರ ಕುರುಗೋಡಿಗೆ ನಡೀರಿ. ಮನಿ ಹುಡುಕಿ ಝಡತಿ ಮಾಡೋಣ."

*

ಕೊಟ್ರಬಸಮ್ಮ ಗಂಡನ ಬರಿದಾದ ಮಣೆಯ ಪಕ್ಕ ಕುಳಿತಿದ್ದರು.

"ಹುಡುಕ್ರಿ. ಸಿಕ್ರ ನನಗೂ ತೋರಸ್ರಿ," ಎಂದರು. "ನಲವತ್ತು ವರ್ಷ ಬಾಳೇವು ಮಾಡೀನಿ. ಅವ್ರದೊಂದು ಫೋಟೋ ಇಲ್ಲ. ಮಾರಿ ಮರತ್ರ ಏನ್ ಮಾಡ್ಲಿ ಅಂತ ಅಂಜಿಕಿ."

ಪೇದೆಗಳು ಜೋಳದ ಮಡಕೆಗೂ ಕೈಯಿಟ್ಟರು. ಉಚ್ಚೆಂಗೆಪ್ಪ ಪುರಾಣದ ಗಂಟು ಬಿಚ್ಚಹೋದಾಗ ಮಾತ್ರ ಆಕೆ, "ಕೈ ತೊಳಕೊಂಡು ಮುಟ್ಟಪ್ಪಾ," ಎಂದರು. ಸಾಹೇಬರು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದರು.

ಡಬ್ಬಿ ಇರಲಿಲ್ಲ.

ಹೊರಡುವಾಗ ಆಕೆ ಗವಿಸಿದ್ದಪ್ಪನ ಹಣೆಗೆ ವಿಭೂತಿ ಎಳೆದರು. ಮೂರು ಗೆರೆ. ಅವನು ಅಲ್ಲೇ ನಿಂತ. ಡಬ್ಬಿಗಳ ಮುಚ್ಚಳದ ಮೇಲೂ ಇಂಥವೇ ಮೂರು ಗೆರೆಗಳಿದ್ದವು.

*

ಛತ್ರಕ್ಕೆ ಮರಳಿ, ಉಚ್ಚೆಂಗೆಪ್ಪನವರ ಎದುರೇ, ಅವನು ಇನ್ನೂ ಚಿತ್ರ ತೆಗೆಯದ ಖಾಲಿ ರೀಲುಗಳನ್ನು ಎಣಿಸಿದ. ಆಮೇಲೆ ಡಬ್ಬಿಗಳ ಲೆಕ್ಕದ ಪುಸ್ತಕ ತೆರೆದ.

"ದೊಡ್ಡಬಸಪ್ಪ, ಆಯುಧಪೂಜಿಗೆ ಡಬ್ಬಿ ಒರೆಸಿದ್ದು ನೀನ?"

"ಹೂಂ. ಧೂಳದ ಮ್ಯಾಲ ವಿಭೂತಿ ಹಚ್ಚಾಕ ಆಗತೈತೇನು?"

"ಒದ್ದಿ ಬಟ್ಟೀಲೆ?"

ದೊಡ್ಡಬಸಪ್ಪ ಬಾಗಿಲತ್ತ ನೋಡಿದ.

"ಸಾಹೇಬ್ರ, ಅಂಟಿಸೋ ಚೀಟಿ ಮುಗಿದಿದ್ವು," ಎಂದ ಗವಿಸಿದ್ದಪ್ಪ. "ಹದಿನೇಳರ ಮ್ಯಾಲ ನಾನು ಸೀಮಿಸುಣ್ಣದಾಗ ಬರೆದಿದ್ದೆ. ಒರೆಸಿದ ಮ್ಯಾಲ ಅದು ಖಾಲಿ ಡಬ್ಬಿ ಹಂಗ ಕಂಡೈತಿ. ಕ್ಯಾಮೆರಾಕ್ಕ ರೀಲು ಹಾಕೋದು ಕತ್ತಲಿ ಚೀಲದಾಗ, ಕಣ್ಣಿಗೆ ಕಾಣಾಂಗಿಲ್ಲ. ನಿನ್ನಿ ಕೆಂಚನಗುಡ್ಡದಾಗ ಹೊಳಿ ಚಿತ್ರ ತೆಗೆದ್ವಿ. ಪುಸ್ತಕದಾಗ ಎರಡು ಖಾಲಿ ಇದ್ವು. ಒಂದು ಉಳೀಬೇಕು. ಇಲ್ಲಿ ಎರಡೂ ಅದಾವ. ಹೊಳಿ ಬಿದ್ದಿದ್ದು ಮುದುಕರ ಚಿತ್ರದ ಮ್ಯಾಲ. ಹದಿನೆಂಟು ಅಂತ ಬರೆದದ್ದ ಆ ಹದಿನೇಳು."

"ಮತ್ತ ಬೀಗ?"

"ಏನೂ ಕಳುವಾಗಿಲ್ಲ. ಕಳುವಾಗೈತಿ ಅಂತ ತೋರಿಸಬೇಕಾಗಿದ್ದು ತಪ್ಪು ಮಾಡಿದವಗ."

ದೊಡ್ಡಬಸಪ್ಪ ಗೋಡೆಗೊರಗಿ ಕುಳಿತ. "ಸಂಜಿಗಿ ಎಣಿಸಿದಾಗ ತಿಳೀತು. ಅಂಜಿ ಬೀಗ ಮುರದೆ. ಆ ತಾಯಿ ಹೆಸರು ಎತ್ತಬಾರದಿತ್ತು ನಾನು."

"ಸೀಮಿಸುಣ್ಣದಾಗ ಬರೆದಾಂವ ನಾನು," ಎಂದ ಗವಿಸಿದ್ದಪ್ಪ, ತಲೆಯೆತ್ತದೆ.

*

ತಿಂಗಳ ಮೇಲೆ ರೀಲು ಮದರಾಸಿನಲ್ಲಿ ತೊಳೆದು ಚಿತ್ರವಾಗಿ ಬಂತು. ಬಳ್ಳಾರಿಯ ಟಾಕೀಸಿನಲ್ಲಿ, ಬೆಳಗಿನ ಹೊತ್ತು, ಖಾಲಿ ಬೆಂಚುಗಳ ನಡುವೆ ಕೊಟ್ರಬಸಮ್ಮ ಕುಳಿತರು. ಪಕ್ಕದಲ್ಲಿ ಗವಿಸಿದ್ದಪ್ಪ. ಬಾಗಿಲ ಬಳಿ, ಕೂರಲಾರದೆ, ದೊಡ್ಡಬಸಪ್ಪ.

ಪರದೆಯ ಮೇಲೆ ಮುಖ ಮೂಡಿತು. ಅದರ ತುಂಬ ನೀರು. ಓಡಿ ಮುಗಿದ ರೀಲನ್ನೇ ತುದಿಯಿಂದ ಮತ್ತೆ ಕ್ಯಾಮೆರಾಕ್ಕೆ ಹಾಕಿದ್ದರಿಂದ ಹೊಳೆ ತಲೆಕೆಳಗಾಗಿ, ಹಿಂದಕ್ಕೆ ಹರಿಯುತ್ತಿತ್ತು. ನೀರೊಳಗೆ ತುಟಿಗಳು ಆಡುತ್ತಿದ್ದವು. ಕೊಟ್ರಬಸಮ್ಮ ಆ ತುಟಿ ನೋಡಿಕೊಂಡೇ ಮೆಲ್ಲಗೆ ಪದ್ಯ ಹೇಳತೊಡಗಿದರು. ಒಂದು ಅಕ್ಷರ ತಪ್ಪಲಿಲ್ಲ.

ಪದ್ಯ ಮುಗಿಯುವ ಮೊದಲೇ ಪರದೆ ಬೆಳ್ಳಗಾಯಿತು. ಉಳಿದ ಸಾಲನ್ನು ಆಕೆ ಒಬ್ಬರೇ ಹೇಳಿ ಮುಗಿಸಿದರು.

"ಹೊಳಿ ತಿರುಗಿ ಬರಾಕ ಹತ್ತಿತ್ತು ನೋಡು ತಮ್ಮಾ," ಎಂದರು. "ಇವ್ರನ್ನೂ ಕರಕೊಂಡು ಬರತೈತೇನೋ ಅಂದ್ಕೊಂಡೆ."